ಬೆರಳು ಆಚೆಗಿರಲಿ

ನಮ್ಮ ಮನೆಯ ಗ್ಯಾಸ್ ಲೈಟರು ಪಿಸ್ತೂಲಿನ ಆಕಾರದ್ದು. ಅದನ್ನು ನಾನು ಹಿಡಿಯುವ ರೀತಿ ನೋಡಿ ನಮ್ಮ ಯಜಮಾನರು ಮೊದಮೊದಲು ನಗುತ್ತಿದ್ದರು. ಈಗ ನಗುವುದನ್ನೂ ಬಿಟ್ಟು ಸುಮ್ಮನೆ ಕಾಫಿಗೆ ಕಾಯುತ್ತಾರೆ. ಲೈಟರಿನ ಮೂತಿ ಸದಾ ಒಲೆಯ ಕಡೆಗೇ ಇರುತ್ತದೆ, ಅಪ್ಪಿತಪ್ಪಿಯೂ ಅವರ ಕಡೆ ತಿರುಗುವುದಿಲ್ಲ. ನನ್ನ ತೋರುಬೆರಳು ಟ್ರಿಗರಿನ ಹೊರಗೆ, ಲೈಟರಿನ ಮೈಗುಂಟ ನೆಟ್ಟಗೆ ಮಲಗಿರುತ್ತದೆ. ಬರ್ನರಿನ ಹತ್ತಿರ ಹಿಡಿದ ಮೇಲಷ್ಟೇ ಅದು ಒಳಗೆ ಹೋಗಿ, ಚಟ್ ಎನಿಸಿ, ಮತ್ತೆ ಹೊರಗೆ ಬಂದು ಮಲಗುತ್ತದೆ. ಗಾಜು ಒರೆಸುವ ಸ್ಪ್ರೇ ಬಾಟಲಿಯ ಜೊತೆಗೂ ಇದೇ ಕಥೆ. ಬಡಗಿ ಬಿಟ್ಟುಹೋದ ಡ್ರಿಲ್ಲಿಂಗ್ ಮೆಷಿನ್ ಎತ್ತಿಡುವಾಗಲೂ ಇದೇ ಕಥೆ. ಮೊನ್ನೆ ಪೆಟ್ರೋಲ್ ಬಂಕಿನಲ್ಲಿ ಕೆಲಸದ ಹುಡುಗಿ ಪೈಪು ಹಿಡಿದು ನನ್ನ ಸ್ಕೂಟರಿನ ಹತ್ತಿರ ಬಂದಾಗ, ಅವಳ ಬೆರಳು ಎಲ್ಲಿದೆ ಎಂದು ಬಗ್ಗಿ ನೋಡಿದೆ. ಮೀಟರಿನ ವಿಷಯಕ್ಕೆ ಜಗಳ ತೆಗೆಯಲು ಬಂದವಳೆಂದು ಅವಳು ತಿಳಿದಳು. "ಜೀರೋ ನೋಡ್ಕಳಿ ಆಂಟಿ, ಆಮೇಲೆ ಅನ್ಬೇಡಿ" ಎಂದಳು.

ಈ ಚಟ ನನಗೆ ಅಂಟಿದ್ದು ಐವತ್ತು ದಾಟಿದ ಮೇಲೆ. ನಾನು ನಂಜನಗೂಡಿನ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮೇಡಂ. ಹಲ್ಲಿ ಸೂರಿನಿಂದ ಏಕೆ ಬೀಳುವುದಿಲ್ಲ, ಪಾದರಸ ಗಾಜಿಗೆ ಏಕೆ ಅಂಟುವುದಿಲ್ಲ ಎಂದು ಮಕ್ಕಳಿಗಿಂತ ಹೆಚ್ಚು ಪ್ರಶ್ನೆ ನಾನೇ ಕೇಳುತ್ತೇನೆಂಬ ದೂರು ನನ್ನ ಮೇಲಿದೆ. ಒಂದು ವರ್ಷ ನಮ್ಮ ಶಾಲೆಯ ಕೆಲವು ಹೆಣ್ಣುಮಕ್ಕಳು ಪಿಸ್ತೂಲ್ ಶೂಟಿಂಗ್ ಕಲಿಯಲು ಹೆಸರು ಕೊಟ್ಟರು. ಅವರನ್ನು ಕರೆದುಕೊಂಡು ಹೋಗಿ ಬರುವ ಕೆಲಸ ಪಿ.ಟಿ. ಮೇಷ್ಟ್ರದು. ಮೇಷ್ಟ್ರಿಗೆ ಬೆನ್ನುನೋವು ಬಂತು. ಕೆಲಸ ನನ್ನ ಪಾಲಿಗೆ ಬಂತು.

ತರಬೇತಿ ನಡೆಯುತ್ತಿದ್ದದ್ದು ಚಾಮರಾಜನಗರದ ರಸ್ತೆಯಲ್ಲಿ, ಹಿಂದೆ ಗೊಬ್ಬರದ ಮೂಟೆ ಪೇರಿಸುತ್ತಿದ್ದ ಗೋಡೌನಿನಲ್ಲಿ. ಮೋಡ ಮುಚ್ಚಿದ ದಿನ ಈಗಲೂ ಅದರ ಗೋಡೆಗಳಿಂದ ಯೂರಿಯಾ ವಾಸನೆ ಬರುತ್ತದೆ. ಈ ತುದಿಗೆ ಉದ್ದನೆಯ ಮೇಜು, ಆ ತುದಿಗೆ ರಟ್ಟಿನ ಗುರಿಗಳು, ಗುರಿಗಳ ಹಿಂದೆ ದಪ್ಪ ಹಲಗೆ. ಹೊಡೆಯುವುದು ಏರ್ ಪಿಸ್ತೂಲಿನಲ್ಲಿ. ಅದರ ಗುಂಡು ಕೊತ್ತಂಬರಿ ಬೀಜದಷ್ಟಿರುವ ಸೀಸದ ಚೂರು, ಗಾಳಿಯ ಒತ್ತಡಕ್ಕೆ ಹಾರಿ ರಟ್ಟಿನಲ್ಲಿ ಟಪ್ ಎಂದು ತೂತು ಕೊರೆಯುತ್ತದೆ. ನಾನು ಹಿಂದಿನ ಬೆಂಚಿನಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಟಪ್ ಟಪ್ ಸದ್ದಿನ ನಡುವೆ ಮಕ್ಕಳ ಉತ್ತರಗಳೆಲ್ಲ ಸರಿಯಾಗಿಯೇ ಕಾಣುತ್ತಿದ್ದವು. ಆ ಸಲ ನನ್ನ ಕೈಯಲ್ಲಿ ಫೇಲಾದವರು ಕಡಿಮೆ.

ಕೋಚ್ ಹೆಸರು ಗೌತಮಿ. ದೇವನೂರಿನ ಹುಡುಗಿ, ಇನ್ನೂ ಮೂವತ್ತಾಗಿಲ್ಲ. ಕಾಲೇಜಿನಲ್ಲಿದ್ದಾಗ ಬಂದೂಕು ಹಿಡಿದವಳು, ರಾಜ್ಯಕ್ಕಾಗಿ ಆಡಿ ಬಂದವಳು. ದನಿ ಎತ್ತರಿಸಿದ್ದನ್ನು ನಾನು ಕೇಳಿಲ್ಲ. ಒಂದು ದಿನ ಅವಳು ನನ್ನ ಬೆಂಚಿನ ಹತ್ತಿರ ಬಂದು, "ಮೇಡಂ, ನೀವು ಪೇಪರ್ ತಿದ್ತಿರೋದು ಕಮ್ಮಿ, ನೋಡ್ತಿರೋದೇ ಜಾಸ್ತಿ. ಬನ್ನಿ, ಕಲೀರಿ" ಎಂದಳು.

"ಈ ವಯಸ್ಸಿಗಾ?"

"ಪಿಸ್ತೂಲು ವಯಸ್ಸು ಕೇಳಕಿಲ್ಲ ಮೇಡಂ. ಯೋಳಿದ ಮಾತು ಕೇಳ್ತಾರಾ ಇಲ್ವಾ ಅಂತ ನಾನ್ ಕೇಳ್ತೀನಿ."

ನನಗೆ ಅಷ್ಟೊಂದು ಕುತೂಹಲ ಏಕೆ ಎಂಬುದನ್ನು ಅವಳಿಗೆ ಅಂದು ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

ನನ್ನ ತಾಯಿಯ ತಮ್ಮ ಮಾದಪ್ಪ ಮಾವನಿಗೆ ಟಿ. ನರಸೀಪುರದಲ್ಲಿ ಬೆಲ್ಲದ ಮಂಡಿ. ಬೇಸಿಗೆ ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಅಲ್ಲಿಗೇ. ಮುಂದೆ ಮಂಡಿ, ಹಿಂದೆ ಮನೆ. ಬೆಲ್ಲದ ಅಚ್ಚುಗಳ ಮೇಲೆ ಜೇನುಹುಳುಗಳು ಝೇಂಕರಿಸುತ್ತಿದ್ದವು. ನಾವು ಅವುಗಳ ಕಣ್ಣು ತಪ್ಪಿಸಿ ಬೆಲ್ಲ ಮುರಿದುಕೊಂಡು ಹೊಳೆಯ ಕಡೆಗೆ ಓಡುತ್ತಿದ್ದೆವು. ಮಾವ ವ್ಯಾಪಾರದ ಹಣ ತರಲು ಊರೂರು ತಿರುಗುತ್ತಿದ್ದವರು. ಅದಕ್ಕಾಗಿ ಲೈಸೆನ್ಸ್ ತೆಗೆದುಕೊಂಡು ಒಂದು ರಿವಾಲ್ವರ್ ಇಟ್ಟುಕೊಂಡಿದ್ದರು. ಅದು ಬೀರುವಿನೊಳಗೆ, ಬೀರುವಿನ ಬೀಗದಕೈ ಮಾವನ ಉಡಿದಾರದಲ್ಲಿ. ರಿವಾಲ್ವರನ್ನು ಮುಟ್ಟುವುದಿರಲಿ, ಅದರ ಹೆಸರೆತ್ತಿದರೂ ಅತ್ತೆ ಗದರುತ್ತಿದ್ದರು. ನಾನು ಅತ್ತು ಕರೆದು ರಂಪ ಮಾಡಿದಾಗ ಮಾವ ಅದರ ಚರ್ಮದ ಚೀಲವನ್ನಷ್ಟೇ ತಂದು ಕೈಗೆ ಕೊಡುತ್ತಿದ್ದರು. ಖಾಲಿ ಚೀಲ. ನಾನು ಅದರೊಳಗೆ ಮೂಗು ತೂರಿಸಿ ಮೂಸುತ್ತಿದ್ದೆ. ಮೆಷಿನ್ ಎಣ್ಣೆ, ಬೆವರು, ಸ್ವಲ್ಪ ಬೆಲ್ಲ. ಮಿಠಾಯಿ ಡಬ್ಬಿಯ ಮುಚ್ಚಳ ಮಾತ್ರ ನೆಕ್ಕಲು ಸಿಕ್ಕ ಮಗುವಿನ ಪಾಡು ನನ್ನದು. ಒಳಗಿನ ವಸ್ತು ಹೇಗಿರುತ್ತದೆ, ಎಷ್ಟು ತೂಕ, ತಣ್ಣಗಿರುತ್ತದೋ ಬೆಚ್ಚಗಿರುತ್ತದೋ ಎಂಬ ಪ್ರಶ್ನೆ ನನ್ನೊಳಗೆ ಉಳಿದೇ ಹೋಯಿತು. ಮದುವೆಯಾಯಿತು, ಕೆಲಸ ಸಿಕ್ಕಿತು, ಮಕ್ಕಳು ದೊಡ್ಡವರಾದರು, ಕನ್ನಡಕ ಬಂತು. ಪ್ರಶ್ನೆ ಮಾತ್ರ ಹಾಗೇ ಇತ್ತು.

ಗೌತಮಿಯ ಮೊದಲ ಪಾಠದಲ್ಲಿ ಪಿಸ್ತೂಲೇ ಇರಲಿಲ್ಲ. ಬರಿಗೈಯಲ್ಲಿ ನಿಲ್ಲುವುದನ್ನು ಕಲಿಸಿದಳು. ಗುರಿಗೆ ಪಕ್ಕೆ ಕೊಟ್ಟು ನಿಲ್ಲಬೇಕು, ಒಂದು ಕೈ ಜೇಬಿನಲ್ಲಿ, ಇನ್ನೊಂದು ಕೈ ಮುಂದಕ್ಕೆ. ನನ್ನ ಸೀರೆಗೆ ಜೇಬೆಲ್ಲಿ? ಸೊಂಟಕ್ಕೆ ಸಿಕ್ಕಿಸಿಕೊಂಡೆ. ಮಕ್ಕಳು ಕಿಸಕ್ಕೆಂದರು. ಮರುದಿನದಿಂದ ಚೂಡಿದಾರ್ ಹಾಕಿಕೊಂಡು ಹೋದೆ.

ಮುಂದಿನ ಪಾಠದಲ್ಲಿ ಪಿಸ್ತೂಲು ಮೇಜಿನ ಮೇಲೆ ಬಂತು. ಅದರ ನಳಿಕೆಯಿಂದ ಹಳದಿ ಬಣ್ಣದ ಪ್ಲಾಸ್ಟಿಕ್ ದಾರವೊಂದು ಹೊರಗೆ ಇಣುಕುತ್ತಿತ್ತು. ಒಳಗೆ ಏನೂ ಇಲ್ಲವೆಂದು ದೂರದಿಂದಲೇ ಎಲ್ಲರಿಗೂ ಕಾಣಲೆಂದು ಅದು. ದಾರ ತೂರಿದರೆ ಮಾತ್ರ ಪಿಸ್ತೂಲಿನಿಂದ ಕೈ ತೆಗೆಯಬಹುದು. ಗೌತಮಿ ದಾರ ತೆಗೆದು, ಒಳಗೆ ನೋಡಿ, ನನಗೂ ತೋರಿಸಿ, ಕೈಗೆ ಕೊಟ್ಟಳು. "ಬೆರಳು ಆಚೆ ಮೇಡಂ. ಗುರಿ ಕಂಡು, ಮನಸ್ಸು ಮಾಡೋವರ್ಗೂ ಅದು ಒಳಕ್ಕೆ ಓಗಂಗಿಲ್ಲ."

ಪಿಸ್ತೂಲು ಹಿಡಿದೆ. ಅಂದುಕೊಂಡದ್ದಕ್ಕಿಂತ ಭಾರ. ಕೈ ಚಾಚಿ ಗುರಿಯ ಕಡೆ ನೋಡಿದರೆ ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಕಡ್ಡಿ ಸಣ್ಣಗೆ ಮೇಲೆ ಕೆಳಗೆ ಕುಣಿಯುತ್ತಿದೆ. ಒಂದೇ ತಾಳ. ಇದೇನಿದು ಎಂದು ಯೋಚಿಸಿದೆ. ಹೊಳೆಯಿತು! ನನ್ನದೇ ಎದೆಬಡಿತ! ಜೀವಮಾನವೆಲ್ಲ ಮಕ್ಕಳಿಗೆ ನಾಡಿ ಹಿಡಿದು ತೋರಿಸಿದವಳಿಗೆ ನಾಡಿ ಹೀಗೆ ಕಣ್ಣಿಗೆ ಕಾಣುತ್ತದೆಂದು ಗೊತ್ತಿರಲಿಲ್ಲ. ಆ ಸಂತೋಷಕ್ಕೆ, "ಗೌತಮಿ, ಇದು ಎದೆಬಡಿತ ಅಲ್ವಾ?" ಎಂದು ಗರಕ್ಕನೆ ತಿರುಗಿದೆ. ಕೈಯೂ ನನ್ನ ಜೊತೆಗೇ ತಿರುಗಿತು.

ಬೆಂಚಿನಲ್ಲಿದ್ದ ನನ್ನ ಮಕ್ಕಳೆಲ್ಲ ಒಮ್ಮೆಲೇ ತಲೆ ತಗ್ಗಿಸಿದರು. ಶಾಲೆಯಲ್ಲಿ ನಾನು ಎಷ್ಟು ಗದರಿದರೂ ಅಷ್ಟು ಚೆನ್ನಾಗಿ ತಲೆ ತಗ್ಗಿಸಿದವರಲ್ಲ. ಗೌತಮಿ ಒಂದೇ ಹೆಜ್ಜೆಗೆ ಪಕ್ಕಕ್ಕೆ ಬಂದು ನನ್ನ ಮಣಿಕಟ್ಟು ಹಿಡಿದು ಪಿಸ್ತೂಲನ್ನು ಗುರಿಯ ಕಡೆಗೆ ತಿರುಗಿಸಿದಳು.

"ಅದ್ರಲ್ಲಿ ಗುಂಡೇ ಇಲ್ಲವಲ್ಲ, ಖಾಲಿ" ಎಂದೆ. ದನಿ ಸಣ್ಣಗಾಗಿತ್ತು.

"ನನ್ ಲೆಕ್ಕದಲ್ಲಿ ಖಾಲಿ ಪಿಸ್ತೂಲು ಅಂತ ಒಂದು ಪಿಸ್ತೂಲೇ ಇಲ್ಲ ಮೇಡಂ" ಎಂದಳು ಗೌತಮಿ. "ಪ್ರಶ್ನೆ ಬಂತು ಅಂದ್ರೆ ಮೊದ್ಲು ಅದನ್ನ ಮೇಜಿನ್ ಮೇಲೆ ಇಡಿ. ಕೈ ಬುಡಿ. ಆಮೇಲೆ ತಿರುಕ್ಕೊಂಡು ಕೇಳಿ. ಪ್ರಶ್ನೆ ಎಲ್ಲೂ ಓಡೋಗಕಿಲ್ಲ."

ಆಮೇಲೆ ಬಹಳ ದಿನ ನನಗೆ ಪಿಸ್ತೂಲು ಸಿಗಲಿಲ್ಲ. ನೀರು ತುಂಬಿದ ಬಾಟಲಿ ಹಿಡಿದು ನಿಲ್ಲುವ ಶಿಕ್ಷೆ. ಬಾಟಲಿಯ ಮುಚ್ಚಳ ಗುರಿಯ ಕಡೆಗೇ ಇರಬೇಕು, ಬೆರಳು ಪಕ್ಕದಲ್ಲಿ ನೆಟ್ಟಗಿರಬೇಕು, ಪ್ರಶ್ನೆ ಬಂದರೆ ಬಾಟಲಿ ಮೇಜಿನ ಮೇಲೆ. ನನಗೆ ಎಷ್ಟು ಪ್ರಶ್ನೆಗಳು ಬರುತ್ತವೆ ಎಂಬುದು ನನಗೇ ಆಗ ಗೊತ್ತಾದದ್ದು; ಬಾಟಲಿ ಇಟ್ಟು ಎತ್ತಿ ಇಟ್ಟು ಎತ್ತಿ ತೋಳು ನೋಯತೊಡಗಿತು. ಕೆಲವು ಪ್ರಶ್ನೆಗಳು ಬಾಟಲಿ ಇಡುವಷ್ಟರಲ್ಲಿ ಕೇಳುವ ಯೋಗ್ಯತೆಯನ್ನೇ ಕಳೆದುಕೊಂಡಿರುತ್ತಿದ್ದವು. ನಮ್ಮ ಸ್ಟಾಫ್ ರೂಮಿನಲ್ಲೂ ಹೀಗೊಂದು ಬಾಟಲಿ ಇಟ್ಟರೆ ಒಳ್ಳೆಯದು ಎನಿಸಿತು.

ಕೊನೆಗೂ ಪಿಸ್ತೂಲು ಮರಳಿ ಸಿಕ್ಕಿತು. ಗುಂಡು ಹಾಕಲು ಅಪ್ಪಣೆಯಾಯಿತು. ಆಗ ಕಲಿತ ಇನ್ನೊಂದು ವಿಚಿತ್ರವೆಂದರೆ ಗುರಿಯನ್ನು ಸ್ಪಷ್ಟವಾಗಿ ನೋಡಬಾರದಂತೆ. ಪಿಸ್ತೂಲಿನ ತುದಿಯ ಕಡ್ಡಿ ಸ್ಪಷ್ಟವಾಗಿ ಕಾಣಬೇಕು, ಗುರಿ ಮಸುಕಾಗಿರಬೇಕು. ಕಣ್ಣು ಒಂದೇ ಹೊತ್ತಿಗೆ ಎರಡು ದೂರಗಳನ್ನು ಸ್ಪಷ್ಟವಾಗಿ ನೋಡಲಾರದು ಎಂದು ನಾನೇ ಪ್ರತಿವರ್ಷ ಒಂಬತ್ತನೇ ತರಗತಿಗೆ ಪಾಠ ಮಾಡುತ್ತೇನೆ. ಆದರೂ ಇಲ್ಲಿ ಬಂದು ಎರಡನ್ನೂ ನೋಡಲು ಹೆಣಗಿದೆ. ನನ್ನ ಕನ್ನಡಕವೋ, ಕೆಳಗೆ ಒಂದು ಪವರು, ಮೇಲೆ ಒಂದು ಪವರು. ತಲೆ ಎತ್ತಿದರೆ ಕಡ್ಡಿ, ತಗ್ಗಿಸಿದರೆ ಗುರಿ. ಕೋಳಿ ನೀರು ಕುಡಿದ ಹಾಗೆ ತಲೆ ಆಡಿಸುತ್ತ ಹೊಡೆದ ಮೊದಲ ಗುಂಡು ಪಕ್ಕದ ಹುಡುಗಿಯ ರಟ್ಟಿಗೆ ಬಿತ್ತು. ಅವಳಿಗೆ ಅದರಿಂದ ಒಳ್ಳೆಯ ಅಂಕವೇ ಬಂತು. ಮುಗಿದ ಮೇಲೆ ಎಲ್ಲರೂ ನಲ್ಲಿಯ ಹತ್ತಿರ ಸಾಲಾಗಿ ನಿಂತು ಸೋಪು ಹಚ್ಚಿ ಕೈ ತೊಳೆಯುತ್ತೇವೆ, ಸೀಸ ಹೊಟ್ಟೆಗೆ ಹೋಗಬಾರದಲ್ಲ. ಆಮೇಲೆ ಗೋಡೌನಿನ ಎದುರಿನ ಗಾಡಿಯಲ್ಲಿ ಬಿಸಿ ಬೋಂಡ.

ಹೀಗೆ ನಾನು ಸುಖವಾಗಿ ರಟ್ಟು ತೂತು ಮಾಡಿಕೊಂಡಿದ್ದಾಗ ಒಂದು ಭಾನುವಾರ ಟಿ. ನರಸೀಪುರದಿಂದ ಅತ್ತೆಯ ಫೋನು ಬಂತು. ಮಾದಪ್ಪ ಮಾವನಿಗೆ ಈಗ ಎಂಬತ್ತರ ಹತ್ತಿರ. ಮಂಡಿಯನ್ನು ಮಗ ಮಹೇಶ ನೋಡಿಕೊಳ್ಳುತ್ತಾನೆ. ಒಂದೆರಡು ವರ್ಷಗಳಿಂದ ಮಾವನಿಗೆ ಮರೆವು. ಊಟ ಮಾಡಿ ಎದ್ದು ಬಂದು ಊಟಕ್ಕೆ ಯಾಕೆ ಕರೆಯಲಿಲ್ಲ ಎನ್ನುತ್ತಾರೆ, ತೀರಿಕೊಂಡ ತಮ್ಮನನ್ನು ಹುಡುಕುತ್ತಾರೆ. ಇಷ್ಟು ನನಗೆ ಗೊತ್ತಿತ್ತು.

"ಪುಟ್ಟೀ, ನೀನು ಪಿಸ್ತೂಲ್ ಕ್ಲಾಸಿಗೆ ಓಯ್ತಿದ್ದೀಯಂತಲ್ಲ, ಒಸಿ ಬಾ ಮಗ" ಎಂದರು ಅತ್ತೆ. "ಬೆಳಿಗ್ಗೆ ಆಲಿನೋನು ಬಂದ. ನಿಮ್ಮಾವಂಗೆ ಅವ್ನು ಯಾರು ಅಂತ ಗೊತ್ತಾಗ್ನಿಲ್ಲ. ಅದನ್ನ ಕೈಲಿ ಇಡ್ಕೊಂಡು ಬಾಗ್ಲಿಗೆ ಓದ್ರು. ಆಲಿನೋನು ಪಾತ್ರೆ ಅಲ್ಲೇ ಬುಟ್ಟು ಓಡೋದ. ನಾನು ಬೈದ್ರೆ, ಖಾಲಿ ಅದೆ ಕಣೇ, ಯಾಕಿಂಗ್ ಎದ್ರಿಕೊಂಡಿಯೆ ಅಂತಾರೆ."

"ಮಹೇಶ ತೆಗೆದಿಡೋಕಾಗಲ್ವಾ ಅತ್ತೆ?"

"ಕೇಳ್ದ. ಕೊಡಕಿಲ್ಲ ಅಂದ್ರು. ಚೀಲಾನ ಸೊಂಟಕ್ಕೆ ಕಟ್ಕೊಂಡೇ ಕೂತವ್ರೆ. ಕಿತ್ಕೊಳಾನ ಅಂದ್ರೆ ಭಯ ಆಯ್ತದೆ ಅಂತಾನೆ ಅವ್ನು."

ನಾನು ಕಲಿತಿರುವುದು ಏರ್ ಪಿಸ್ತೂಲು. ರಿವಾಲ್ವರಿಗೂ ಅದಕ್ಕೂ ಸಂಬಂಧವೇ ಇಲ್ಲ. ಸ್ಕೂಟರ್ ಕಲಿತವಳನ್ನು ಲಾರಿ ಓಡಿಸಲು ಕರೆದಂತಾಯಿತು. ಆದರೆ ಅತ್ತೆಗೆ ಅದನ್ನೆಲ್ಲ ಹೇಗೆ ವಿವರಿಸುವುದು? ನೇರವಾಗಿ ಗೌತಮಿಗೆ ಫೋನು ಮಾಡಿದೆ. ಅವಳು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿಸಿಕೊಂಡಳು.

"ಕಿತ್ಕೊಳಕ್ಕೆ ಮಾತ್ರ ಓಗ್ಬೇಡಿ ಮೇಡಂ. ಎಳದಾಟದಲ್ಲಿ ಯಾರ್ ಬೆರಳು ಎಲ್ಲಿ ಅಂತ ಯಾರ್ಗೂ ಗೊತ್ತಿರಕಿಲ್ಲ. ಮೊದ್ಲು ಅವರ ಮಗನ ಕೈಲಿ ಪೊಲೀಸ್ ಸ್ಟೇಷನ್‌ಗೆ ಫೋನ್ ಮಾಡ್ಸಿ, ವಿಷ್ಯ ಯೋಳ್ಸಿ. ನೀವು ಓದ್ರೆ ಅವರ ಎದುರಿಗೆ ಕೂರ್ಬೇಡಿ, ಪಕ್ಕದಲ್ಲಿ ಕೂತ್ಕಳಿ. ಕೋಪ ಬಂತು ಅಂತ ಕಂಡ್ರೆ ಎದ್ದು ಬಂದ್ಬುಡಿ. ಅವರೇ ಕೆಳಗೆ ಇಡೋ ಅಂಗೆ ಮಾತಾಡಿ. ಇಟ್ರೂ ನಿಮಗೆ ಗೊತ್ತಿಲ್ದಿದ್ರೆ ಮುಟ್ಬೇಡಿ." ಕೊನೆಗೆ, "ನಾನೂ ಬರ್ಲಾ?" ಎಂದಳು. ಹೊಸ ಮುಖ ಕಂಡರೆ ಮಾವ ಇನ್ನಷ್ಟು ಗಾಬರಿಯಾದಾರು ಎಂದು ನಾನೇ ಬೇಡವೆಂದೆ.

ಮಹೇಶ ಸ್ಟೇಷನ್ನಿಗೆ ಫೋನು ಮಾಡಿದ. ಅಲ್ಲಿಯ ಅಧಿಕಾರಿ ಸಮಾಧಾನದ ಮನುಷ್ಯ. ತೊಂದರೆ ಅನಿಸಿದರೆ ತಕ್ಷಣ ತಿಳಿಸಿ, ನಾವೇ ಬರುತ್ತೇವೆ. ಯಜಮಾನರೇ ಒಪ್ಪಿ ತಂದುಕೊಟ್ಟರೆ ಅದಕ್ಕಿಂತ ಒಳ್ಳೆಯದಿಲ್ಲ ಎಂದರಂತೆ. ನಾನು ಬಸ್ ಹತ್ತಿದೆ. ದಾರಿಯುದ್ದಕ್ಕೂ ಕಿಟಕಿಯಾಚೆ ಭತ್ತದ ಗದ್ದೆಗಳು ಸರಿಯುತ್ತಿದ್ದವು, ನನಗೆ ಒಂದೂ ಕಾಣಲಿಲ್ಲ. ತೋರುಬೆರಳು ತೊಡೆಯ ಮೇಲೆ ನೆಟ್ಟಗೆ ಮಲಗಿತ್ತು.

ಮಹೇಶ ಬಾಗಿಲಲ್ಲೇ ಕಾಯುತ್ತಿದ್ದ. "ಅತ್ತಿಗೆ, ಇತ್ಲಲ್ಲಿ ಅವ್ರೆ. ಈಗ ಒಸಿ ಸಮಾಧಾನವಾಗವ್ರೆ" ಎಂದು ಪಿಸುಗುಟ್ಟಿದ. ಅತ್ತೆಯನ್ನು ಪಕ್ಕದ ಮನೆಯಲ್ಲಿ ಕೂರಿಸಿ ಬಂದಿದ್ದ.

ಹಿತ್ತಲಿನ ಕಲ್ಲುಬೆಂಚಿನ ಮೇಲೆ ಮಾವ ಕುಳಿತಿದ್ದರು. ಬಿಳಿ ಪಂಚೆ, ಬನಿಯನ್ನು, ಹಣೆಗೆ ವಿಭೂತಿ, ಸೊಂಟದಲ್ಲಿ ಆ ಚರ್ಮದ ಚೀಲ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದರು. ಗುರುತು ಸಿಕ್ಕೀತೋ ಇಲ್ಲವೋ ಎಂದು ನಾನು ಅಲ್ಲೇ ನಿಂತೆ.

"ಪುಟ್ಟಿ ಅಲ್ವಾ? ಬಾ ಮಗ. ನಿಮ್ಮವ್ವ ಬರ್ನಿಲ್ವಾ?"

ಅಮ್ಮ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. "ಇಲ್ಲ ಮಾವ, ನಾನೊಬ್ಬಳೇ ಬಂದೆ" ಎಂದು ಅವರ ಎಡಗಡೆ ಕುಳಿತೆ. ಬೆಲ್ಲದ ರೇಟು, ಹೊಳೆಯ ನೀರು, ನನ್ನ ಶಾಲೆ ಎಲ್ಲ ಮಾತಾಡಿದೆವು. ಚೀಲದ ಕಡೆ ನೋಡಬಾರದೆಂದು ಎಷ್ಟು ಪ್ರಯತ್ನಪಟ್ಟರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದ ಜಾಣಮಾತುಗಳೆಲ್ಲ ಮರೆತುಹೋದವು. ಬಾಯಿಗೆ ಬಂದದ್ದು ನಿಜ.

"ಮಾವ, ನಾನು ಪಿಸ್ತೂಲು ಹೊಡೆಯೋದು ಕಲೀತಿದ್ದೀನಿ."

ಮಾವ ಪೂರ್ತಿ ನನ್ನ ಕಡೆ ತಿರುಗಿದರು. "ನೀನಾ?"

"ಹೂಂ. ನಂಜನಗೂಡಲ್ಲಿ ಹೇಳ್ಕೊಡ್ತಾರೆ. ಆದ್ರೆ ಅಲ್ಲಿ ರಿವಾಲ್ವರ್ ಕಲಿಸಲ್ಲ. ನೀವು ಹೇಳ್ಕೊಡ್ತೀರಾ?"

ಮಾವನ ಮುಖ ಅರಳಿತು. "ಚಿಕ್ಕೋಳಾಗಿದ್ದಾಗ ಮುಟ್ಟಾಕ್ ಬುಡ್ನಿಲ್ಲ ಅಂತ ಈ ಇತ್ಲೆಲ್ಲ ಉಳ್ಳಾಡಿ ಅಳ್ತಿದ್ದಲ್ಲ ನೀನು! ಆಗ ಯೋಳ್ಕೊಡಾಂಗಿರ್ನಿಲ್ಲ. ಈಗ ಯೋಳ್ಕೊಡ್ಬೋದು. ದೊಡ್ಡೋಳಾಗಿದ್ದೀಯೆ."

ಬೆಳಿಗ್ಗೆಯ ಹಾಲಿನವನು ನೆನಪಿಲ್ಲ. ಅಕ್ಕ ಸತ್ತದ್ದು ನೆನಪಿಲ್ಲ. ನನ್ನ ಆ ಹಳೆಯ ಅಳು ನೆನಪಿದೆ.

ಮಾವ ಎದ್ದರು. ಮನೆಯ ಕೆಲಸಕ್ಕೆಂದು ತರಿಸಿದ್ದ ಮರಳು ಹಿತ್ತಲ ಮೂಲೆಯಲ್ಲಿ ಗುಡ್ಡೆಯಾಗಿ ಬಿದ್ದಿತ್ತು. ಯಾರೂ ಹೇಳದೆ ಅವರು ಅದರ ಎದುರಿಗೆ ಹೋಗಿ ನಿಂತರು. "ನೀನು ನನ್ ಎಡಕ್ಕೆ ಬಾ. ಒಸಿ ಇಂದಕ್ಕೆ. ಅಂಗೆ. ಮಹೇಶ, ನೀನು ಅಲ್ಲೇ ಬಾಗ್ಲಲ್ಲೇ ನಿಂತ್ಕಳ್ಲಾ." ಅವರ ದನಿ ನನಗೆ ಗೊತ್ತಿದ್ದ ಹಳೆಯ ದನಿ, ಮಂಡಿಯಲ್ಲಿ ಹರಾಜು ಕೂಗುತ್ತಿದ್ದ ದನಿ. ಚೀಲದ ಗುಂಡಿ ಬಿಚ್ಚಿ ರಿವಾಲ್ವರ್ ತೆಗೆದರು. ಚಿಕ್ಕದು, ಕಪ್ಪು, ಅಂಚುಗಳಲ್ಲಿ ಬಣ್ಣ ಸವೆದು ಬೆಳ್ಳಗಾಗಿದೆ. ನಾನು ಅವರ ಬೆರಳನ್ನೇ ನೋಡಿದೆ. ಸುಕ್ಕುಬಿದ್ದ ಆ ತೋರುಬೆರಳು ಟ್ರಿಗರಿನ ಹೊರಗೆ, ಲೋಹದ ಮೈಗುಂಟ ನೆಟ್ಟಗಿತ್ತು.

"ನೋಡು, ಮೂತಿ ಮರಳಿಗೇ ಇರ್ಬೇಕು. ಮಾತಾಡ್ಲಿ, ಕೆಮ್ಲಿ, ಯಾರಾದ್ರೂ ಕೂಗ್ಲಿ, ಮರಳಿಗೇ. ಈ ಬೆರಳು ಇಲ್ಲಿ. ಗೊತ್ತಾಯ್ತಾ?"

"ಗೊತ್ತಾಯ್ತು ಮಾವ."

"ಇದು ಖಾಲಿ ಅದೆ. ಗುಂಡೆಲ್ಲ ಬೀರುನಾಗವೆ. ಆದ್ರೂ ಕೈಗೆ ತಕ್ಕೊಂಡ್ ತಕ್ಷಣ ಮೊದ್ಲು ಬಗ್ಸಿ ನೋಡ್ಬೇಕು. ಇದೇ ಮೊದ್ಲು, ಮಿಕ್ಕಿದ್ದೆಲ್ಲ ಆಮೇಲೆ."

ಹೆಬ್ಬೆರಳಿನಿಂದ ಹಿಂದಿನ ಚಿಲಕ ಒತ್ತಿ ನಳಿಕೆಯನ್ನು ಕೆಳಕ್ಕೆ ಬಗ್ಗಿಸಿದರು. ರಿವಾಲ್ವರು ನಡು ಬಾಗಿ ತೆರೆದುಕೊಂಡಿತು. ಒಳಗಿಂದ ಹಿತ್ತಾಳೆಯ ಗುಂಡುಗಳು ಮೇಲೆದ್ದು ಬಂದು, ಒಂದೆರಡು ಮಾವನ ಅಂಗೈಗೆ, ಉಳಿದವು ಮರಳಿಗೆ ಬಿದ್ದವು.

ಬಾಗಿಲಲ್ಲಿ ಮಹೇಶ ಚೌಕಟ್ಟು ಹಿಡಿದುಕೊಂಡ. ಮಂಡಿಯ ಕಡೆಯಿಂದ ಯಾರೋ ತಕ್ಕಡಿಗೆ ತೂಕದ ಬಟ್ಟು ಹಾಕಿದ ಸದ್ದು ಕೇಳಿಸಿತು. ಮಾವ ಅಂಗೈಯಲ್ಲಿದ್ದ ಗುಂಡನ್ನು ಬಿಸಿಲಿಗೆ ಹಿಡಿದು ತಿರುಗಿಸಿ ನೋಡಿದರು. ಯಾವುದೋ ಹೊಸ ಜಾತಿಯ ಕಾಳು ಸಿಕ್ಕಿದ ಹಾಗೆ ನೋಡಿದರು.

"ಇದನ್ನ ಯಾರ್ ತುಂಬಿದ್ದು?"

ಮಾವ ಬಾಗಿಲ ಕಡೆ ಕತ್ತು ತಿರುಗಿಸಿದರು.

"ಮಹೇಶ, ನೀನೇನ್ಲಾ?"

"ಇಲ್ಲಪ್ಪ. ಬೀರು ಬೀಗದ್ ಕೈ ನಿಮ್ಮತ್ರಾನೇ ಅದೆ."

ಗುಂಡು ಹಿಡಿದಿದ್ದ ಮಾವನ ಎಡಗೈ ಸೊಂಟಕ್ಕೆ ಹೋಯಿತು. ಉಡಿದಾರದಲ್ಲಿ ಬೀಗದಕೈ ಇತ್ತು. ಬೆರಳ ತುದಿಯಿಂದ ಅದನ್ನು ಮುಟ್ಟಿ ನೋಡಿದರು. ನಾನು ಅವರ ಮುಖ ನೋಡಲಾರದೆ ಮರಳನ್ನು ನೋಡಿದೆ.

"ಅಂಗಾದ್ರೆ ನಾನೇ" ಎಂದರು. "ಇದನ್ನ ಇಡ್ಕೊಂಡು ಬಾಗ್ಲಿಗೆ ಓಗಿದ್ನಂತೆ. ನಿಮ್ಮತ್ತೆ ಯೋಳುದ್ಲು. ಖಾಲಿ ಅಂತ ನಾನೇ ಅವಳ್ನ ಗದರಿದೆ. ಯಾರವ್ವ ಬಂದಿದ್ದು?"

"ಹಾಲಿನೋನು ಮಾವ."

"ನಮ್ ಆಲಿನ ಸಿದ್ದನಾ? ದಿನಾ ಬರೋನಾ?" ಅವರ ಕಣ್ಣು ತುಂಬಿತು. "ದಿನಾ ಬರೋನು ಕಣವ್ವ ಅವ್ನು."

ಮಹೇಶ ಬಂದು ಮರಳಿನಿಂದ ಗುಂಡುಗಳನ್ನು ಆರಿಸಿ ತೆಗೆದುಕೊಂಡ. ಅಂಗೈಯಲ್ಲಿದ್ದವನ್ನೂ ಮಾವ ಅವನಿಗೆ ಕೊಟ್ಟರು. ಬಾಗಿ ತೆರೆದಿದ್ದ ರಿವಾಲ್ವರಿನ ಗುಂಡಿನ ಮನೆಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡಿ, ಅದನ್ನು ನನ್ನ ಕಡೆ ನೀಡಿದರು. "ಈಗ ಇಡ್ಕೊ."

ಹಿಡಿದೆ. ಬಾಲ್ಯದ ಪ್ರಶ್ನೆಗೆ ಉತ್ತರ ಸಿಕ್ಕಿತು: ಭಾರವಾಗಿತ್ತು, ಮಾವನ ಕೈಯ ಕಾವಿಗೆ ಬೆಚ್ಚಗಿತ್ತು. ಗುಂಡು ಕೂರುವ ಖಾಲಿ ತೂತುಗಳಲ್ಲಿ ಆಚೆಯ ಮರಳು ಕಾಣುತ್ತಿತ್ತು, ಒಂದೊಂದರಲ್ಲೂ ಒಂದು ಬಿಲ್ಲೆಯಷ್ಟು ಬೆಳಕು. ಇಷ್ಟು ವರ್ಷ ಇದಕ್ಕಾಗಿ ಹಂಬಲಿಸಿದವಳಿ‍ಗೆ ಕೈಗೆ ಬಂದ ಕೂಡಲೇ ಎಲ್ಲಿಯಾದರೂ ಇಟ್ಟರೆ ಸಾಕು ಎನಿಸಿತು.

"ಮುಚ್ಚಲಾ ಮಾವ?"

"ಬ್ಯಾಡ. ತೆಗ್ದೇ ಇರ್ಲಿ. ತೆಗ್ದಿದ್ರೆ ಎಲ್ರಿಗೂ ಕಾಣ್ತದೆ." ಆಮೇಲೆ ಮಗನ ಕಡೆ ತಿರುಗಿದರು. "ಮಹೇಶ, ನನ್ ಶರ್ಟ್ ತಕ್ಕೊಂಡ್ ಬಾ. ಲೈಸೆನ್ಸೂ ತಕ್ಕೊ. ಸ್ಟೇಷನ್‌ಗೆ ಓಗ್ಬುಡಾನ. ನೆಪ್ಪಿರುವಾಗ್ಲೇ ಓಗ್ಬುಡಾನ."

ರಿವಾಲ್ವರನ್ನು ತೆರೆದ ಹಾಗೆಯೇ ಟವೆಲಿನಲ್ಲಿ ಸುತ್ತಿ ನನ್ನ ಕೈಚೀಲಕ್ಕಿಟ್ಟೆವು. ಗುಂಡುಗಳು ಮಹೇಶನ ಜೇಬಿನಲ್ಲಿ ಬೇರೆ. ಅವನು ಸ್ಟೇಷನ್ನಿಗೆ ಇನ್ನೊಮ್ಮೆ ಫೋನು ಮಾಡಿ ನಾವು ಬರುತ್ತಿರುವುದನ್ನು ತಿಳಿಸಿದ. ಆಟೋದಲ್ಲಿ ಮಾವ ನನ್ನ ಮತ್ತು ಮಹೇಶನ ನಡುವೆ ಕುಳಿತು ಹೊರಗೆ ನೋಡುತ್ತಿದ್ದರು. ಅಂಗಡಿಗಳ ಹೆಸರುಗಳನ್ನು ಮೆಲ್ಲಗೆ ಓದಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಆಟೋ ಜನರ ಮಧ್ಯೆ ಸಿಕ್ಕಿಕೊಂಡು ನಿಂತಾಗ ನಾನು ಮಾವನ ಮುಖವನ್ನೇ ನೋಡಿದೆ. ಎಲ್ಲಿ ಅವರಿಗೆ ಎಲ್ಲ ಮರೆತು, ನನ್ನ ರಿವಾಲ್ವರ್ ಎಲ್ಲಿ ಎಂದು ಕೇಳಿಬಿಟ್ಟರೆ? ಅವರು ಕೇಳಲಿಲ್ಲ. ಒಂದು ಸಲ ಮಾತ್ರ, "ಬೇಗ ಓಡ್ಸಪ್ಪ" ಎಂದು ಆಟೋದವನಿಗೆ ಹೇಳಿದರು.

ಸ್ಟೇಷನ್ನಿನಲ್ಲಿ ಅಧಿಕಾರಿ ಎದ್ದು ನಿಂತು ಕುರ್ಚಿ ಕೊಟ್ಟರು. ಮಾವ ಕೂರಲಿಲ್ಲ. ಗೋಡೆಯ ಪಕ್ಕದಲ್ಲಿ ಕೆಂಪು ಬಣ್ಣದ ಮರಳಿನ ಬಕೆಟ್ಟುಗಳು ತೂಗುತ್ತಿದ್ದವು. ಟವೆಲು ಬಿಚ್ಚಿ, ನಳಿಕೆಯನ್ನು ಆ ಬಕೆಟ್ಟಿನ ಕಡೆಗೆ ಮಾಡಿ, ರಿವಾಲ್ವರನ್ನು ಮೇಜಿನ ಮೇಲಿಟ್ಟು ಕೈ ತೆಗೆದರು. ಮಹೇಶ ಗುಂಡುಗಳನ್ನು ಮೇಜಿನ ಇನ್ನೊಂದು ತುದಿಗಿಟ್ಟ. ಅಧಿಕಾರಿ ಬಗ್ಗಿ ಒಳಗೆಲ್ಲ ನೋಡುವವರೆಗೂ ಮಾವ ಕಣ್ಣು ಕೀಳಲಿಲ್ಲ.

ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕುಗಳನ್ನು ಸ್ಟೇಷನ್ನಿನಲ್ಲಿಟ್ಟು, ಮುಗಿದ ಮೇಲೆ ವಾಪಸ್ ತೆಗೆದುಕೊಂಡು ಹೋಗುವುದು ವಾಡಿಕೆ. ಹಾಗಾಗಿ ಅಲ್ಲಿಯ ಹಳಬ ಪೇದೆಯೊಬ್ಬರಿಗೆ ಮಾವನ ಗುರುತಿತ್ತು. "ಏನ್ ಯಜಮಾನ್ರೇ, ಎಲೆಕ್ಷನ್ ಇಲ್ದಲೇ ಬಂದ್ಬುಟ್ರಿ? ಯಾವಾಗ ವಾಪಸ್ ತಕ್ಕೊಂಡೋಗ್ತೀರಾ?" ಎಂದು ಕೇಳಿದರು.

"ಇಲ್ಲ ಕಣಪ್ಪ. ಇನ್ನು ತಕ್ಕೊಂಡೋಗಕಿಲ್ಲ" ಎಂದರು ಮಾವ.

ಲೈಸೆನ್ಸು ಒಪ್ಪಿಸುವ ಉಳಿದ ಕೆಲಸಗಳನ್ನು ಮಹೇಶ ಒಳಗೆ ನಿಂತು ವಿಚಾರಿಸುತ್ತಿದ್ದ. ಮಾವನಿಗೆ ಸೆಕೆಯಾಗುತ್ತಿತ್ತು. ನಾನು ಅವರ ತೋಳು ಹಿಡಿದು ಹೊರಗೆ ಕರೆತಂದೆ. ಮೆಟ್ಟಿಲಿಳಿದು ಹೊಂಗೆಮರದ ನೆರಳಿಗೆ ಬಂದಾಗ ಅವರು ನಿಂತರು. ಹಿಂದಿರುಗಿ ಕಟ್ಟಡವನ್ನು ನೋಡಿದರು, ನನ್ನನ್ನು ನೋಡಿದರು. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ಹೊಸ ಊರಿಗೆ ಬಂದಿಳಿದವರ ಕುತೂಹಲವಿತ್ತು.

"ಯಾತಕ್ಕವ್ವ ಬಂದಿದ್ದು ನಾವಿಲ್ಲಿಗೆ?"

"ಒಂದು ಸಾಮಾನು ಕೊಡೋಕೆ ಬಂದಿದ್ವಿ ಮಾವ. ಕೊಟ್ವಿ."

"ಯಾರ್ ಕೊಟ್ಟಿದ್ದು?"

"ನೀವೇ."

ಅವರು ತಮ್ಮ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು.

"ಸರ್ಯಾಗಿ ಕೊಟ್ನಾ?"

"ಸರಿಯಾಗಿ ಕೊಟ್ರಿ ಮಾವ."